ಸಮ ಸಮ ಇದ್ದರೆ ಜೋಡಿಯಾಗಲ್ಲ: ರಾಜಾಜಿನಗರದ ಒಂದು ಕ್ಲೌನ್‌ಫಿಶ್ ಪ್ರಕರಣ

ಬೆಂಗಳೂರಿನಲ್ಲಿ ಉಪ್ಪುನೀರಿನ ಟ್ಯಾಂಕ್ ಇಡುವವರು ಸಾಮಾನ್ಯವಾಗಿ ಮೊದಲು ತರುವುದು ಕ್ಲೌನ್‌ಫಿಶ್. ತರುವಾಗ ಒಂದೇ ಅಳತೆಯ ಎರಡು ಮೀನು ಆರಿಸುತ್ತಾರೆ. ಸಮ ಸಮ ಇದ್ದರೆ ಒಂದು ಇನ್ನೊಂದನ್ನು ಗೋಳು ಹೊಯ್ದುಕೊಳ್ಳಲ್ಲ ಅನ್ನುವ ಲೆಕ್ಕ. ಎರಡೂ ತೀರಾ ಚಿಕ್ಕ ಮರಿಗಳಾದರೆ ಈ ಲೆಕ್ಕ ಹೇಗೋ ನಡೆದುಹೋಗುತ್ತದೆ. ಬೆಳೆದ ಮೀನಿನ ವಿಷಯದಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ರಾಜಾಜಿನಗರದ ಒಂದು ಮನೆಯಲ್ಲಿ ಹಾಗೇ ಆಯಿತು. 2023ರ ಆಷಾಢದಲ್ಲಿ ಶುರುವಾದ ಗೊಂದಲ 2025ರ ಯುಗಾದಿ ಹೊತ್ತಿಗೆ ಒಂದು ಹದಕ್ಕೆ ಬಂತು. ಆ ಟ್ಯಾಂಕ್ ಕೂರಿಸಿದಾಗಿನಿಂದ ನಾನು ಅಲ್ಲಿಗೆ ಹೋಗಿಬರುತ್ತಿದ್ದೇನೆ. ಹಾಗಾಗಿ ಎಲ್ಲವನ್ನೂ ಹತ್ತಿರದಿಂದ ನೋಡಿದೆ.

ಇನ್ನೊಂದು ಅನುಕೂಲ ಇತ್ತು. ಆ ಮನೆಯ ಅಜ್ಜಿ ಹಗಲೆಲ್ಲ ಹಾಲ್‌ನಲ್ಲೇ ಕೂತಿರುತ್ತಾರೆ. ಟಿವಿಗಿಂತ ಟ್ಯಾಂಕ್ ನೋಡುವುದೇ ಜಾಸ್ತಿ. ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ಅಜ್ಜಿ ಹೇಳಿದ್ದನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಸಾಕುವವರ ಬಾಯಿಮಾತಿಗಿಂತ ಇಂಥ ಪುಸ್ತಕ ನನಗೆ ಹೆಚ್ಚು ನಂಬಿಕೆಯದ್ದು. ಮುಂದೆ ಹೇಳುವುದರಲ್ಲಿ ಅರ್ಧ ಅದರಿಂದಲೇ ಬಂದದ್ದು.

ಟ್ಯಾಂಕ್ ಮತ್ತು ಮೊದಲ ಜೋಡಿ

ಟ್ಯಾಂಕ್ ಮೂರಡಿ ಉದ್ದ. ಅಗಲ, ಎತ್ತರ ಎರಡೂ ಒಂದೂವರೆ ಅಡಿ. ಕಲ್ಲು, ಮರಳು ಹಾಕಿದ ಮೇಲೆ ನಿಲ್ಲುವ ನೀರು 150 ಲೀಟರ್ ಆಸುಪಾಸು. ಆ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಉಳಿದಂತೆ ಬೋರ್‌ವೆಲ್. ಬೋರ್ ನೀರನ್ನು ನೇರವಾಗಿ ಟ್ಯಾಂಕಿಗೆ ಹಾಕುವಂತಿಲ್ಲ. ಗಡಸುತನ, ನೈಟ್ರೇಟ್ ಎರಡೂ ಕಾಟ ಕೊಡುತ್ತವೆ. ಆರ್‌ಒ ನೀರು ಹಿಡಿದು, ಅದಕ್ಕೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ ಹಾಕುತ್ತಾರೆ. ಉಪ್ಪಿನಂಶ ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ 1.025ರಲ್ಲಿ, ಉಷ್ಣತೆ 26 ಡಿಗ್ರಿಯಲ್ಲಿ ಇಟ್ಟಿದ್ದಾರೆ. ಚಳಿಗಾಲಕ್ಕೆ ಹೀಟರ್ ಇದೆ, ಬೇಸಿಗೆಗೆ ಚಿಲ್ಲರ್ ಇಲ್ಲ.

ಅನಿಮೋನ್, ಅಂದರೆ ಹೂವಿನ ಹಾಗೆ ಕಾಣುವ ಸಮುದ್ರಜೀವಿ, ಕೂಡ ಇಲ್ಲ. ಕ್ಲೌನ್‌ಫಿಶ್ ಇದ್ದ ಮೇಲೆ ಅನಿಮೋನ್ ಬೇಕೇ ಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಮುದ್ರದಲ್ಲಿ ಬೇಕು, ಅಲ್ಲಿ ಅದರ ಕುಟುಕುವ ಎಳೆಗಳ ನಡುವೆ ಇಲ್ಲದಿದ್ದರೆ ಈ ಮೀನು ಬದುಕಿ ಉಳಿಯುವುದು ಕಷ್ಟ. ಮನೆಯ ಟ್ಯಾಂಕಿನಲ್ಲಿ ನುಂಗಲು ಬರುವವರೇ ಇಲ್ಲ. ಅನಿಮೋನಿಗೆ ಜೋರು ಬೆಳಕು ಬೇಕು, ಹದಕ್ಕೆ ಬಂದ ಹಳೇ ಟ್ಯಾಂಕ್ ಬೇಕು. ಜಾಗ ಹಿಡಿಸದಿದ್ದರೆ ತೆವಳಿಕೊಂಡು ಹೋಗಿ ನೀರು ತಿರುಗಿಸುವ ಪಂಪ್‌ಗೆ (ಪವರ್‌ಹೆಡ್) ಸಿಕ್ಕಿ ಚೂರಾಗಿ ಇಡೀ ನೀರನ್ನೇ ಕೆಡಿಸುತ್ತದೆ. ಈ ಮನೆಯಲ್ಲಿ ಅದರ ಬದಲು ಒಂದು ಮಣ್ಣಿನ ಮೊಸರು ಕುಡಿಕೆಯನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೂಲೆಯಲ್ಲಿ ಅಡ್ಡ ಮಲಗಿಸಿದ್ದರು. ಮೀನುಗಳು ಅದನ್ನೇ ಮನೆ ಮಾಡಿಕೊಂಡಿದ್ದವು.

ಮೀನು ಒಸೆಲ್ಲಾರಿಸ್ ಜಾತಿಯವು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ, ಪಟ್ಟೆಯ ಅಂಚಿಗೆ ತೆಳ್ಳಗೆ ಕಪ್ಪು. ಕಾಡಿನಲ್ಲಿ, ಅಂದರೆ ಸಮುದ್ರದಲ್ಲಿ, ನಮ್ಮ ಅಂಡಮಾನ್ ಕಡೆಯಿಂದ ಪೆಸಿಫಿಕ್‌ನ ಪಶ್ಚಿಮದವರೆಗೂ ಸಿಗುತ್ತವೆ. ಇವು ಮಾತ್ರ ಟ್ಯಾಂಕಿನಲ್ಲೇ ಹುಟ್ಟಿದವು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹವಳದ ದಿಬ್ಬದಿಂದ ಹಿಡಿದು ತರುವ ಅಗತ್ಯವೇ ಈಗ ಇಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ ಮತ್ತು ಕೇರಳದ ವಿಳಿಞ್ಞಂ ಕೇಂದ್ರಗಳಲ್ಲಿ ಕ್ಲೌನ್‌ಫಿಶ್ ಮರಿ ಮಾಡಿಸಿ ತೋರಿಸಿದೆ.

ಮೊದಲ ಜೋಡಿ ನಾಲ್ಕು ವರ್ಷ ಚೆನ್ನಾಗಿತ್ತು. ಆಷಾಢದ ಒಂದು ರಾತ್ರಿ ಜೋರು ಗಾಳಿಮಳೆಗೆ ಕರೆಂಟ್ ಹೋಯಿತು. ಪಂಪ್ ನಿಂತಿತು. ಟ್ಯಾಂಕಿಗೆ ಮೇಲುಮುಚ್ಚಳ ಇರಲಿಲ್ಲ. ಬೆಳಿಗ್ಗೆ ನೋಡಿದರೆ ದೊಡ್ಡ ಮೀನು ಚಪ್ಪಲಿ ಸ್ಟ್ಯಾಂಡ್ ಪಕ್ಕ ಒಣಗಿ ಬಿದ್ದಿತ್ತು. ಕ್ಲೌನ್‌ಫಿಶ್ ಹಾರಲ್ಲ ಅನ್ನುವವರಿಗೆ ಇಷ್ಟು ಸಾಕು. ಆ ವಾರವೇ ಜಾಲರಿ ಹಾಕಿಸಿದರು.

ಉಳಿದದ್ದು ಚಿಕ್ಕ ಮೀನು. ಮೊಮ್ಮಗಳು ಅದನ್ನು ಗುಂಡ ಅಂತ ಕರೆಯುತ್ತಿದ್ದಳು. ಸತ್ತದ್ದು ಹೆಣ್ಣು, ಉಳಿದದ್ದು ಗಂಡು.

ರಾಣಿ ಬಂದಳು

ಒಂಟಿಯಾಗಿದ್ದ ಗುಂಡ ಮೊದಲು ಸ್ವಲ್ಪ ದಿನ ಕುಡಿಕೆ ಬಿಟ್ಟು ಹೊರಗೇ ಬರಲಿಲ್ಲ. ಆಮೇಲೆ ಆದ ಬದಲಾವಣೆಯನ್ನು ಅಜ್ಜಿ ಸರಿಯಾಗಿ ಗುರುತಿಸಿದ್ದರು: "ಇದು ಈಗ ಆ ಸತ್ತೋದಳ ಥರಾನೇ ಆಡ್ತಿದೆ." ಗಾಜು ಒರೆಸುವ ಕೈಗೆ ಬಂದು ಗುದ್ದುವುದು, ಊಟಕ್ಕೆ ಎಲ್ಲಕ್ಕಿಂತ ಮುಂದೆ ನುಗ್ಗುವುದು ಶುರುವಾಯಿತು. ಮೈಯೂ ಬೆಳೆಯಿತು. ದಸರಾ ಹೊತ್ತಿಗೆ ಗಾಜಿಗೆ ಸ್ಕೇಲ್ ಹಿಡಿದು ನೋಡಿದಾಗ ಆರು ಸೆಂಟಿಮೀಟರ್ ದಾಟಿತ್ತು.

ಆಗ ಮನೆಯ ಯಜಮಾನರು ಇನ್ನೊಂದು ಮೀನು ತಂದರು. ಅಂಗಡಿಯ ದೊಡ್ಡ ಟ್ಯಾಂಕಿನಲ್ಲಿ ಇದ್ದವುಗಳಲ್ಲೇ ದೊಡ್ಡದು. "ನಿಮ್ಮ ಮೀನು ಎಷ್ಟಿದೆಯೋ ಅಷ್ಟೇ ಸೈಜಿಂದು ಹಾಕಿ ಸರ್, ಹೊಡೆದಾಡಲ್ಲ" ಅಂತ ಅಂಗಡಿಯಲ್ಲಿ ಹೇಳಿದ್ದರಂತೆ. ಅದಕ್ಕೆ ರಾಣಿ ಅಂತ ಹೆಸರಾಯಿತು.

ನೋಟ್‌ಬುಕ್ಕಿನ ಮೊದಲ ಸಾಲುಗಳು ಹೀಗಿವೆ: "ಗುಂಡ ರಾಣಿಯನ್ನು ಓಡಿಸಿತು. ರಾಣಿ ತಿರುಗಿ ಗುಂಡನನ್ನು ಓಡಿಸಿತು. ಊಟಕ್ಕೆ ಇಬ್ಬರೂ ಬಂದರು." ಮರುದಿನವೂ ಹೆಚ್ಚುಕಮ್ಮಿ ಇದೇ. ಆಮೇಲೆ, "ಟಕ್ ಟಕ್ ಸದ್ದು ಬಂತು ಎಂದು ಅಜ್ಜಿ ಹೇಳಿದರು." ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ಅಜ್ಜಿಯ ಕಿವಿ ಸರಿಯಾಗೇ ಇತ್ತು. ಕ್ಲೌನ್‌ಫಿಶ್ ಸದ್ದು ಮಾಡುತ್ತದೆ. ಬೆಲ್ಜಿಯಂನ ಎರಿಕ್ ಪಾರ್ಮಾಂಟಿಯೆ ಮತ್ತು ಜೊತೆಗಾರರು 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅದರ ಗುಟ್ಟು ಬಿಡಿಸಿದರು. ಮೀನು ದವಡೆಯನ್ನು ಫಟ್ಟನೆ ಮುಚ್ಚುತ್ತದೆ, ಹಲ್ಲಿಗೆ ಹಲ್ಲು ಬಡಿದು ಸದ್ದು ಹುಟ್ಟುತ್ತದೆ. ಎದುರಿನ ಮೀನಿಗೆ 'ಇದು ನನ್ನ ಜಾಗ, ಆಚೆ ಹೋಗು' ಅಂತ ಗದರಿಸುವುದು ಹಾಗೆ. ಮನೆ ನಿಶ್ಶಬ್ದವಾಗಿದ್ದರೆ ಗಾಜಿನ ಈಚೆಗೂ ಕೇಳುತ್ತದೆ.

ವಾರ ಕಳೆಯುವಷ್ಟರಲ್ಲಿ ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ಗಿರಗಿರ ತಿರುಗುವುದು ಶುರುವಾಯಿತು. ರಾಣಿಯ ಬಾಲದ ರೆಕ್ಕೆ ಹರಿಯಿತು. ಗುಂಡನ ಎದೆರೆಕ್ಕೆ ಚಿಂದಿಯಾಯಿತು. ಯಜಮಾನರು ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಥರ ಜೋಡಿಸಿದರು. ಜಾಗ ಗುರುತು ಸಿಗದೆ ಎರಡು ದಿನ ತಣ್ಣಗಿದ್ದವು, ಆಮೇಲೆ ಮತ್ತೆ ಅದೇ ಕಥೆ. ಕೊನೆಗೆ ರಾಣಿ ಹೀಟರ್ ಹಿಂದೆ, ನೀರಿನ ಮೇಲ್ಮಟ್ಟದ ಮೂಲೆ ಸೇರಿತು. "ರಾಣಿ ಕೆಳಗೆ ಬರಲಿಲ್ಲ. ಊಟ ಮಾಡಲಿಲ್ಲ." ಏಟು ತಿಂದ ಕ್ಲೌನ್‌ಫಿಶ್ ಇಂಥ ಮೇಲಿನ ಮೂಲೆ ಹಿಡಿಯುವುದು ಬಹಳ ಕೆಟ್ಟ ಲಕ್ಷಣ. ಅದು ಓಡಿಹೋಗಲು ನೋಡುತ್ತಿದೆ, ಹೋಗಲು ಜಾಗ ಇಲ್ಲ.

ನನ್ನನ್ನು ಕರೆದದ್ದು ಆಗ. ನೋಟ್‌ಬುಕ್ ತಿರುವಿ ಹಾಕಿದೆ. ಓಡಿಸಿದ್ದು, ಕಚ್ಚಿದ್ದು, ಸದ್ದು ಎಲ್ಲ ಇತ್ತು. ಒಂದು ಮಾತ್ರ ಎಲ್ಲೂ ಇರಲಿಲ್ಲ. ಅಜ್ಜಿಯನ್ನು ಕೇಳಿದೆ: ಎರಡರಲ್ಲಿ ಯಾವುದಾದರೂ ಮೈ ನಡುಗಿಸಿದ್ದು ನೋಡಿದಿರಾ? ಇನ್ನೊಂದರ ಮುಂದೆ ಪಕ್ಕಕ್ಕೆ ಒರಗಿ, ಚಳಿ ಹಿಡಿದವರ ಹಾಗೆ?

"ಇಲ್ಲಪ್ಪಾ. ಎರಡೂ ಸೆಟೆದುಕೊಂಡೇ ಇದ್ವು" ಅಂದರು.

ನಡುಕ ಇಲ್ಲದ ಜಗಳ

ಈ ನಡುಕದ ಮೇಲೆ ಇಡೀ ಪ್ರಕರಣ ನಿಂತಿದೆ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು.

ಕ್ಲೌನ್‌ಫಿಶ್ ಮರಿಗಳಲ್ಲಿ ಗಂಡು ಹೆಣ್ಣು ಅಂತ ಆಗಿರುವುದಿಲ್ಲ. ಬೆಳೆದಾಗ ಮೊದಲು ಆಗುವುದು ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋರಾದದ್ದು ಮಾತ್ರ ಹೆಣ್ಣಾಗುತ್ತದೆ. ಎರಡನೆಯದು ಅದರ ಗಂಡು. ಮಿಕ್ಕವು ಮರಿ ಮಾಡದೆ ಸರದಿ ಕಾಯುತ್ತವೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ, ಮೂರನೆಯದು ಗಂಡಿನ ಸ್ಥಾನಕ್ಕೆ ಏರುತ್ತದೆ. ಜರ್ಮನಿಯ ಹಾನ್ಸ್ ಫ್ರಿಕೆ ಸಹಲೇಖಕರ ಜೊತೆ 1977ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಬರೆದರು. ಮೇಲಿನ ಮೀನಿನ ದಬ್ಬಾಳಿಕೆಯೇ ಕೆಳಗಿನವು ಹೆಣ್ಣಾಗದಂತೆ ತಡೆದು ಹಿಡಿಯುತ್ತದೆ ಅನ್ನುವುದು ಅವರು ಕಂಡ ವಿಷಯ. ಒಂದು ಸಲ ಹೆಣ್ಣಾದ ಮೇಲೆ ಮತ್ತೆ ಗಂಡಾಗುವುದಿಲ್ಲ.

ಅಂದರೆ ಗುಂಡ ಆ ಮೂರು ತಿಂಗಳಲ್ಲಿ ಹೆಣ್ಣಾಗಿತ್ತೇ? ಪೂರ್ತಿ ಆಗಿರಲಾರದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2019ರಲ್ಲಿ ಇದೇ ಒಸೆಲ್ಲಾರಿಸ್ ಮೇಲೆ ಮಾಡಿದ ಕೆಲಸದಲ್ಲಿ ಒಂದು ಸ್ವಾರಸ್ಯದ ವಿಷಯ ಹೊರಬಂತು. ಮೊದಲು ಬದಲಾಗುವುದು ಮಿದುಳು. ಅಂಡಾಶಯ ಬಹಳ ಹಿಂದೆ ಉಳಿದಿರುತ್ತದೆ, ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕಾಗಬಹುದು. ನಡವಳಿಕೆಯಲ್ಲಿ ಮೀನು ಮೊದಲೇ ಹೆಣ್ಣಾಗಿಬಿಟ್ಟಿರುತ್ತದೆ. ಅಜ್ಜಿ ಹೇಳಿದ 'ಸತ್ತೋದಳ ಥರಾನೇ' ಅದೇ. ರಾಣಿಯೂ ಅಂಗಡಿಯ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿತ್ತು, ಅಲ್ಲಿನ ಯಜಮಾನಿಕೆ ನಡೆಸಿ ಬಂದಿತ್ತು. ಹೀಗೆ ಒಂದೇ ಕುರ್ಚಿಗೆ ಇಬ್ಬರು ಬಂದು ಕೂತಂತಾಯಿತು.

ಗಾತ್ರ ಯಾಕಿಷ್ಟು ಮುಖ್ಯ ಅನ್ನುವುದಕ್ಕೆ ಪಪುವಾ ನ್ಯೂಗಿನಿಯಲ್ಲಿ ಪೀಟರ್ ಬಸ್ಟನ್ ಮಾಡಿದ ಕೆಲಸ ನೋಡಬೇಕು. ಅವರು ಅಲ್ಲಿನ ಪರ್ಕ್ಯೂಲಾ ಅನ್ನುವ ಇನ್ನೊಂದು ಜಾತಿಯ ಕ್ಲೌನ್‌ಫಿಶ್‌ಗಳನ್ನು ಹಿಡಿದು ಅಳೆದು ಬಿಟ್ಟು, ಮತ್ತೆ ಹಿಡಿದು ಅಳೆದರು. ಫಲಿತಾಂಶ 2003ರಲ್ಲಿ ನೇಚರ್‌ನಲ್ಲಿ ಬಂತು. ಗುಂಪಿನ ಪ್ರತಿ ಮೆಟ್ಟಿಲಿಗೂ ನಡುವೆ ಗಾತ್ರದಲ್ಲಿ ಎದ್ದು ಕಾಣುವ ಅಂತರ ಇರುತ್ತದೆ. ಕೆಳಗಿನ ಮೀನು ತನ್ನ ಬೆಳವಣಿಗೆಯನ್ನು ತಾನೇ ಹಿಡಿದಿಟ್ಟು ಆ ಅಂತರ ಕಾಯ್ದುಕೊಳ್ಳುತ್ತದೆ. ಮೇಲಿನದಕ್ಕೆ ಸಮನಾಗಿ ಬೆಳೆದರೆ ಗುಂಪಿನಿಂದ ಹೊರದಬ್ಬಿಸಿಕೊಳ್ಳುತ್ತದೆ. ಸಮುದ್ರದಲ್ಲಿ ಹೊರಬಿದ್ದರೆ ಸಾವೇ. ಅದೇ ಬಸ್ಟನ್ ತಂಡ 2019ರಲ್ಲಿ ಇದರ ಇನ್ನೊಂದು ಮಗ್ಗುಲು ತೋರಿಸಿತು. ಸಮಸಮ ಗಾತ್ರದ ಎದುರಾಳಿ ಜೊತೆಗಿದ್ದರೆ ಮರಿಗಳು ಒಂಟಿ ಮರಿಗಳಿಗಿಂತ ಹೆಚ್ಚು ಬೆಳೆಯುತ್ತವೆ. ಪೈಪೋಟಿಗೆ ಬಿದ್ದು ಬೆಳೆಯುವುದು ಅಂದರೆ ಇದೇ. ಎರಡು ಚಿಕ್ಕ ಮರಿ ತಂದರೆ ಸರಿಹೋಗುವುದು ಇದರಿಂದಲೇ. ಯಾವುದೋ ಒಂದು ಮುಂದೆ ಹೋಗುತ್ತದೆ, ಇನ್ನೊಂದು ಒಪ್ಪಿಕೊಳ್ಳುತ್ತದೆ.

ಆ ಒಪ್ಪಿಗೆಯೇ ನಡುಕ. ದೊಡ್ಡದು ಹತ್ತಿರ ಬಂದಾಗ ಚಿಕ್ಕದು ಓಡುವುದಿಲ್ಲ, ಎದುರಿಸುವುದೂ ಇಲ್ಲ. ಪಕ್ಕಕ್ಕೆ ವಾಲಿ ತಲೆಯಿಂದ ಬಾಲದವರೆಗೆ ಪಟಪಟ ನಡುಗುತ್ತದೆ. ಆಗಲೂ ಒಂದು ಸಣ್ಣ ಸದ್ದು ಮಾಡುತ್ತದೆ, ಗದರಿಸುವ ಸದ್ದಿಗಿಂತ ಬೇರೆ ಥರದ್ದು. ಅದನ್ನು ಕಂಡ ದೊಡ್ಡದು ಅಲ್ಲಿಗೇ ನಿಲ್ಲಿಸುತ್ತದೆ. ಹೆಚ್ಚಿನ ಸಾಕಣೆದಾರರು ದೊಡ್ಡ ಮೀನು ಎಷ್ಟು ಓಡಿಸುತ್ತದೆ ಅಂತ ನೋಡುತ್ತಾ ಕೂರುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಚಿಕ್ಕದನ್ನು. ಅದು ನಡುಗಿತಾ? ನಡುಗಿದ ಮೇಲೆ ದೊಡ್ಡದು ಬಿಟ್ಟಿತಾ? ಎರಡಕ್ಕೂ ಹೌದು ಅಂದರೆ ಎಷ್ಟು ಓಡಿಸಿದರೂ ಚಿಂತೆಯಿಲ್ಲ. ಎರಡೂ ನಡುಗುತ್ತಿಲ್ಲ ಅಂದರೆ ರೆಕ್ಕೆ ನೆಟ್ಟಗಿದ್ದರೂ ಆ ಜೋಡಿ ಆಗುವುದಿಲ್ಲ.

ರಾಣಿ ಮತ್ತು ಗುಂಡನ ವಿಷಯದಲ್ಲಿ ಕಾಯುವುದರಿಂದ ಪ್ರಯೋಜನ ಇರಲಿಲ್ಲ. ದೀಪಾವಳಿಗೆ ಮೊದಲೇ ರಾಣಿಯನ್ನು ತೂತಿನ ಡಬ್ಬದಲ್ಲಿ ಬೇರೆ ಮಾಡಿದೆವು. ಊಟ ಶುರು ಮಾಡಿದ ಮೇಲೆ ಮಲ್ಲೇಶ್ವರದ ಪರಿಚಯದವರೊಬ್ಬರ ಟ್ಯಾಂಕಿಗೆ ಕಳಿಸಿದೆವು. ಅಲ್ಲಿ ಬೇರೆ ಕ್ಲೌನ್‌ಫಿಶ್ ಇಲ್ಲ. ಹರಿದ ಬಾಲ ಮತ್ತೆ ಬೆಳೆಯಿತು.

ಚೋಟು

ಎರಡನೇ ಸಲ ಮೀನು ಆರಿಸಲು ನಾನೂ ಜೊತೆಗೆ ಹೋಗಿದ್ದೆ. ಬೇರೆ ಅಂಗಡಿ. ಇದ್ದವುಗಳಲ್ಲೇ ಚಿಕ್ಕದು, ಆದರೆ ಬಾಯಿ ಚುರುಕಾಗಿ ಊಟ ಮಾಡುತ್ತಿದ್ದದ್ದನ್ನು ಆರಿಸಿದೆವು. ಎರಡೂವರೆ ಸೆಂಟಿಮೀಟರ್ ಇದ್ದಿರಬೇಕು. ಅದಕ್ಕೆ ಚೋಟು ಅಂತ ಹೆಸರಾಯಿತು. ಯಜಮಾನರಿಗೆ ಸಮಾಧಾನ ಇರಲಿಲ್ಲ. "ಅದರ ಅರ್ಧಾನೂ ಇಲ್ವಲ್ಲ ಸರ್, ಒಂದೇ ಏಟಿಗೆ ಹೋಗಿಬಿಡತ್ತೆ" ಅಂದರು. ಸಮ ಇದ್ದದ್ದೇ ಅಷ್ಟು ಏಟು ತಿಂದಿರುವಾಗ ಇದರ ಗತಿ ಏನು ಅನ್ನುವ ಭಯ ಸಹಜ.

ಮನೆಗೆ ತಂದ ಮೀನನ್ನು ನಾಲ್ಕು ವಾರ ಬೇರೆ ಚಿಕ್ಕ ಟ್ಯಾಂಕಿನಲ್ಲಿ ಇಟ್ಟೆವು. ಕ್ಲೌನ್‌ಫಿಶ್‌ಗೆ ಬರುವ ಬ್ರೂಕ್ಲಿನೆಲ್ಲಾ ಅನ್ನುವ ಪರೋಪಜೀವಿ ಮೈಮೇಲೆ ಲೋಳೆ ಬರಿಸಿ ಕೆಲವೇ ದಿನದಲ್ಲಿ ಕೊಂದುಬಿಡುತ್ತದೆ. ಈ ಕಾಯುವಿಕೆಯನ್ನು ತಪ್ಪಿಸಬಾರದು. ಸಂಕ್ರಾಂತಿ ಹೊತ್ತಿಗೆ ಚೋಟುವನ್ನು ದೊಡ್ಡ ಟ್ಯಾಂಕಿನೊಳಗೆ ಅದೇ ತೂತಿನ ಡಬ್ಬದಲ್ಲಿ ತೂಗುಹಾಕಿದೆವು. ಗುಂಡ ಡಬ್ಬದ ಗೋಡೆಗೆ ಮೂತಿ ಬಡಿಯಿತು. ಎರಡು ಮೂರು ದಿನದಲ್ಲಿ ಬಡಿಯುವುದು ಕಡಿಮೆಯಾಗಿ, ಸುಮ್ನೆ ಪಕ್ಕದಲ್ಲಿ ನಿಂತು ನೋಡತೊಡಗಿತು. ಆಮೇಲೆ ಒಂದು ಸಂಜೆ ಗುಂಡನಿಗೆ ಹೊಟ್ಟೆ ತುಂಬ ಊಟ ಹಾಕಿ, ಲೈಟ್ ಆರಿಸಿ, ಡಬ್ಬದ ಬಾಗಿಲು ತೆಗೆದೆವು.

ಮೊದಲ ಮುಖಾಮುಖಿ ನಡೆದದ್ದು ಮರುದಿನ ಬೆಳಿಗ್ಗೆ ಕುಡಿಕೆಯ ಬಾಯಿಯ ಹತ್ತಿರ. ನಾನು ಅಲ್ಲೇ ಇದ್ದೆ. ಗುಂಡ ಕುಡಿಕೆಯೊಳಗಿಂದ ನೇರವಾಗಿ ನುಗ್ಗಿತು. ಚೋಟು ಓಡಲಿಲ್ಲ. ಇದ್ದಲ್ಲೇ ಪಕ್ಕಕ್ಕೆ ವಾಲಿತು, ತಲೆ ಸ್ವಲ್ಪ ಮೇಲೆ ಎತ್ತಿತು, ಮೈಯೆಲ್ಲ ಅದುರಿಸಿತು. ಗುಂಡ ಅದರ ಪಕ್ಕೆಗೆ ಮೂತಿ ಮುಟ್ಟಿಸುವಷ್ಟು ಹತ್ತಿರ ಬಂದು ನಿಂತಿತು. ಎದೆರೆಕ್ಕೆಗಳಷ್ಟೇ ಆಡುತ್ತಿದ್ದವು. ಚೋಟು ಅದುರುತ್ತಲೇ ಇತ್ತು. ಗುಂಡ ತಿರುಗಿ ಕುಡಿಕೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಅದೇ ನಡೆಯಿತು.

ಅಜ್ಜಿಗೆ ಕಂಡದ್ದು ಬೇರೆ. "ಚಿಕ್ಕದಕ್ಕೆ ಹುಷಾರಿಲ್ಲ ಕಣೋ, ಚಳಿಜ್ವರ ಬಂದ ಹಾಗೆ ನಡುಗ್ತಾ ಇದೆ. ತೆಗೆದು ಬೇರೆ ಇಡು" ಅಂತ ಮಗನಿಗೆ ಹೇಳಿದರು. ಯಜಮಾನರೂ ಬಲೆ ಹಿಡಿದು ಎದ್ದೇಬಿಟ್ಟಿದ್ದರು. ಆ ಗಳಿಗೆಯಲ್ಲಿ ಎತ್ತಿದ್ದರೆ ಎಲ್ಲ ಕೆಡುತ್ತಿತ್ತು. ಒಪ್ಪಂದ ಅರ್ಧಕ್ಕೆ ನಿಂತು, ಮತ್ತೆ ಬಿಟ್ಟಾಗ ಮೊದಲಿನಿಂದ ಶುರುವಾಗುತ್ತಿತ್ತು. ಬಲೆ ಕೆಳಗಿಡಿಸಿದೆ. ಬಾಲ ಹರಿದರೆ, ಮೇಲಿನ ಮೂಲೆ ಹಿಡಿದರೆ, ಎರಡು ಹೊತ್ತು ಊಟ ಬಿಟ್ಟರೆ ಮಾತ್ರ ಬೇರೆ ಮಾಡಿ ಎಂದೆ. ಮೂರರಲ್ಲಿ ಒಂದೂ ಆಗಲಿಲ್ಲ.

ಆಮೇಲಿನದ್ದು ನಿಧಾನದ ಕೆಲಸ. ಮೊದಮೊದಲು ಚೋಟು ಟ್ಯಾಂಕಿನ ಆ ತುದಿಯಲ್ಲೇ ಮಲಗುತ್ತಿತ್ತು. ಬರಬರುತ್ತಾ ಕುಡಿಕೆಗೆ ಹತ್ತಿರವಾಯಿತು. ಊಟದ ಹೊತ್ತಿನಲ್ಲಿ ಗುಂಡನ ಹಿಂದೆಯೇ ಬರುತ್ತಿತ್ತು, ಅದು ಬಿಟ್ಟದ್ದನ್ನು ತಿನ್ನುತ್ತಿತ್ತು. ಶಿವರಾತ್ರಿ ಜಾಗರಣೆಯ ರಾತ್ರಿ ಅಜ್ಜಿ ಎದ್ದೇ ಇದ್ದರಲ್ಲ, ಆಗ ನೋಡಿದರಂತೆ: ಎರಡೂ ಕುಡಿಕೆಯೊಳಗೆ ಮೈಗೆ ಮೈ ತಾಗಿಸಿ ಮಲಗಿದ್ದವು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾಳೆ ಹುಡುಗಿ. ಒಟ್ಟಿಗೆ ಮಲಗುವುದು ಶುರುವಾದರೆ ನಾನು ಜೋಡಿ ಅನ್ನುತ್ತೇನೆ, ಮೊಟ್ಟೆಗೆ ಕಾಯುವುದಿಲ್ಲ.

ಇಲ್ಲಿ ಒಂದು ಮಾತು. ಇದನ್ನು ಪ್ರೀತಿ ಅನ್ನುವವರಿದ್ದಾರೆ. ಜನ್ಮಜನ್ಮದ ಸಂಗಾತಿ ಅಂತೆಲ್ಲ ಹೇಳಿ ಮೀನು ಮಾರುವುದೂ ಉಂಟು. ನನಗೆ ಹಾಗೆ ಕಾಣುವುದಿಲ್ಲ. ಯಾರು ಮೇಲೆ, ಯಾರು ಕೆಳಗೆ ಅನ್ನುವುದು ತೀರ್ಮಾನವಾಗಿದೆ, ದಿನಕ್ಕೆ ಹತ್ತು ಸಲ ಅದನ್ನು ನವೀಕರಿಸಿಕೊಳ್ಳುತ್ತಿವೆ, ಅಷ್ಟೇ. ಚೋಟು ಇವತ್ತಿಗೂ ನಡುಗುತ್ತದೆ. ಗುಂಡನೂ ಒಮ್ಮೊಮ್ಮೆ ತಲೆ ಅದುರಿಸಿ ಉತ್ತರ ಕೊಡುವುದುಂಟು.

ಏಪ್ರಿಲ್ ಬಿಸಿಲು

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಬೋರ್‌ವೆಲ್ ಬತ್ತಿದವು, ಟ್ಯಾಂಕರ್ ದರ ಏರಿತು, ಕಾರು ತೊಳೆದರೆ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತು. ಟ್ಯಾಂಕಿನ ನೀರು 30 ಡಿಗ್ರಿ ದಾಟಿತು. ನೀರಿನ ಮೇಲೆ ಫ್ಯಾನ್ ಇಟ್ಟರೆ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ಆವಿಯಾದಷ್ಟು ಆರ್‌ಒ ನೀರು ತುಂಬಬೇಕು. ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಕುಡಿಯೋಕೆ ನೀರಿಲ್ಲ, ಮೀನಿಗೆ ಇಷ್ಟು ಖರ್ಚಾ ಅಂತ ಮನೆಯಲ್ಲಿ ಮಾತು ಬಂತು. ಹೊರಹೋಗುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಲು, ಬಚ್ಚಲಿಗೆ ಬಳಸಿ ಹೇಗೋ ದಾಟಿಸಿದರು.

ಆ ಹೊತ್ತಿನಲ್ಲಿ ಯಜಮಾನರು, ಚಿಕ್ಕದನ್ನು ಚಿಲ್ಲರ್ ಇರುವ ನೆಂಟರ ಟ್ಯಾಂಕಿಗೆ ಎರಡು ತಿಂಗಳು ಕಳಿಸಲೇ ಅಂತ ಕೇಳಿದರು. ಕಳಿಸುವುದಾದರೆ ಎರಡನ್ನೂ ಕಳಿಸಿ, ಇಲ್ಲದಿದ್ದರೆ ಒಂದನ್ನೂ ಬೇಡ ಅಂದೆ. ದೊಡ್ಡ ಮೀನಿನ ಒತ್ತಡ ಇಲ್ಲದ ಕಡೆ ಎರಡು ತಿಂಗಳು ಬಿಟ್ಟರೆ ಚೋಟು ತಾನೇ ಮೇಲೆ ಅಂದುಕೊಂಡು ಬೆಳೆಯಲು ಶುರುಮಾಡುತ್ತದೆ. ಹಿಂತಿರುಗಿ ಬಂದಾಗ ಅದು ನಡುಗುತ್ತದೆ ಅನ್ನುವ ಖಾತರಿ ಇಲ್ಲ. ಎರಡೂ ಇಲ್ಲೇ ಉಳಿದವು. ಲೈಟ್ ಹೊತ್ತು ಕಡಿಮೆ ಮಾಡಿ, ಊಟ ತಗ್ಗಿಸಿ, ಮೇಲ್ಮೈ ನೀರು ಜೋರಾಗಿ ಅಲುಗುವಂತೆ ಪಂಪ್ ತಿರುಗಿಸಿದೆವು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದೊಂದೇ ನಿಜವಾದ ಭಯ.

ಕ್ಲೌನ್‌ಫಿಶ್‌ಗೂ ಬಿಸಿಗೂ ಇನ್ನೊಂದು ನಂಟಿದೆ, ಇದು 2025ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದದ್ದು. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ 2023ರ ಬಿಸಿ ಸಮುದ್ರದ ಹೊತ್ತಿನಲ್ಲಿ 134 ಪರ್ಕ್ಯೂಲಾಗಳನ್ನು ತಿಂಗಳು ತಿಂಗಳು ಅಳೆದರು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೀನು ಉದ್ದದಲ್ಲಿ ಕುಗ್ಗಿದ್ದವು. ತೂಕ ಇಳಿದದ್ದಲ್ಲ, ಉದ್ದವೇ ಕಡಿಮೆಯಾದದ್ದು. ಜೊತೆಯ ಮೀನೂ ಕುಗ್ಗಿದ್ದರೆ ಬದುಕುವ ಸಾಧ್ಯತೆ ಹೆಚ್ಚಿತ್ತು. ನಮ್ಮ ಟ್ಯಾಂಕಿನಲ್ಲಿ ಅಷ್ಟು ನಿಖರವಾಗಿ ಅಳೆಯುವ ಸೌಕರ್ಯ ಇಲ್ಲ. ಆದರೆ ಗಾತ್ರದ ಅಂತರ ಈ ಮೀನಿಗೆ ಎಷ್ಟು ದೊಡ್ಡ ಸಂಗತಿ ಅನ್ನುವುದಕ್ಕೆ ಇದು ಇನ್ನೊಂದು ಸಾಕ್ಷಿ.

ಮೊಟ್ಟೆ

ವರ್ಷ ದಾಟಿತು. ಗುಂಡ ಏಳು ಸೆಂಟಿಮೀಟರ್ ಮೀರಿತ್ತು. ಚೋಟು ಐದರ ಹತ್ತಿರ ಬಂದು ನಿಂತಿತ್ತು. 2025ರ ಯುಗಾದಿಗೆ ಕೆಲವು ದಿನ ಮೊದಲು ಎರಡೂ ಕುಡಿಕೆಯ ಒಳಗೋಡೆಯನ್ನು ಬಾಯಿಂದ ಕೆರೆದು ಕೆರೆದು ಶುಚಿ ಮಾಡತೊಡಗಿದವು. ಪಾಚಿ ಹೋಗಿ ಕೆಂಪು ಮಣ್ಣು ಕಾಣಿಸಿತು. ಗುಂಡನ ಹೊಟ್ಟೆ ದುಂಡಗಾಗಿತ್ತು. ಹೆಸರು ಮಾತ್ರ ಗುಂಡ ಅಂತಲೇ ಉಳಿಯಿತು.

ಒಂದು ಸಂಜೆ ಹೊತ್ತಿಗೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೇಸರಿ ಬಣ್ಣದ ಮೊಟ್ಟೆ ಅಂಟಿದ್ದವು. ಗುಂಡ ಒಂದೊಂದೇ ಸಾಲು ಇಡುತ್ತಿತ್ತು, ಚೋಟು ಅದರ ಹಿಂದೆಯೇ ಹಾದು ಫಲಗೊಳಿಸುತ್ತಿತ್ತು. ಮೂರನೇ ದಿನಕ್ಕೆ ಎಲ್ಲ ಮಾಯ, ತಾವೇ ತಿಂದುಬಿಟ್ಟಿದ್ದವು. ಮನೆಯವರಿಗೆ ಬೇಜಾರಾಯಿತು. ಹೊಸ ಜೋಡಿಗಳಲ್ಲಿ ಇದು ಮಾಮೂಲು. ಫಲವಾಗದ ಮೊಟ್ಟೆಗಳನ್ನು ತಿಂದುಹಾಕುತ್ತವೆ, ಕೆಲವೊಮ್ಮೆ ಎಲ್ಲವನ್ನೂ. ಎರಡು ವಾರದ ಆಸುಪಾಸಿನಲ್ಲಿ ಮತ್ತೆ ಇಟ್ಟವು. ಆ ಸಲ ನಿಂತವು.

ಈಗ ಕೆಲಸ ಹಂಚಿಕೆ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಮೊಟ್ಟೆ ನೋಡಿಕೊಳ್ಳುವುದು ಚೋಟು. ಎದೆರೆಕ್ಕೆಯಿಂದ ಬೀಸಿ ಬೀಸಿ ಮೊಟ್ಟೆಗೆ ಹೊಸ ನೀರು ಹಾಯಿಸುತ್ತದೆ, ಬಾಯಲ್ಲಿ ಮೆಲ್ಲಗೆ ಸವರಿ ಬಿಳುಚಿದವನ್ನು ಆರಿಸಿ ತೆಗೆಯುತ್ತದೆ. ಗುಂಡ ಹೊರಗಿನ ಕಾವಲು. ಗಾಜು ಒರೆಸಲು ಕೈ ಹಾಕಿದ ಯಜಮಾನರ ಬೆರಳ ಸಂದಿಯನ್ನೇ ಕಚ್ಚಿತು. ಕೇಸರಿ ಬಣ್ಣ ಕಂದಾಯಿತು, ವಾರದ ಹೊತ್ತಿಗೆ ಪ್ರತಿ ಮೊಟ್ಟೆಯಲ್ಲೂ ಎರಡು ಬೆಳ್ಳಿ ಚುಕ್ಕೆ, ಮರಿಯ ಕಣ್ಣುಗಳು. ಲೈಟ್ ಆರಿದ ಮೇಲೆ ಒಡೆದವು.

ಮರಿ ಸಾಕುವ ಪ್ರಶ್ನೆ ಬಂತು. ಒಡೆದ ಮರಿಗೆ ಬೇರೆ ಟ್ಯಾಂಕ್ ಬೇಕು, ಮೊದಲ ದಿನದಿಂದ ರೋಟಿಫರ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯನ್ನು ಬೆಳೆಸಿ ತಿನ್ನಿಸಬೇಕು, ರೋಟಿಫರ್‌ಗೆ ಪಾಚಿ ಬೆಳೆಸಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಬೇಡ ಅಂತ ತೀರ್ಮಾನಿಸಿದರು. ಒಳ್ಳೆಯದೇ ಮಾಡಿದರು, ನೂರಾರು ಮರಿ ಉಳಿದರೂ ಅವನ್ನು ಎಲ್ಲಿಗೆ ಕೊಡುವುದು?

ಮೊಮ್ಮಗಳಿಗೆ ಈಗ ಮೂರನೇ ಕ್ಲೌನ್‌ಫಿಶ್ ಬೇಕಂತೆ. "ಸಮುದ್ರದಲ್ಲಿ ಗುಂಪಾಗಿ ಇರ್ತಾವೆ ಅಂತ ನೀವೇ ಹೇಳಿದ್ರಿ ಅಲ್ವಾ ಅಂಕಲ್?" ಅಂದಳು. ಹೇಳಿದ್ದು ನಿಜ. ಪರ್ಕ್ಯೂಲಾ ಗುಂಪಿನಲ್ಲಿ ಜೋಡಿಯ ಜೊತೆ ನಾಲ್ಕರವರೆಗೂ ಕಿರಿಯವು ಇರುತ್ತವೆ, ಅವು ಆ ಜೋಡಿಯ ಮಕ್ಕಳೂ ಅಲ್ಲ, ಎಲ್ಲಿಂದಲೋ ತೇಲಿ ಬಂದವು. ಆದರೆ ಅಲ್ಲಿ ಮೀನು ತಾನಾಗಿ ಬಂದು ಸೇರುತ್ತದೆ, ಸರಿಹೋಗದಿದ್ದರೆ ಹೊರಗೆ ಹೋಗುತ್ತದೆ. ಇಲ್ಲಿ ಮೂರಡಿ ಗಾಜು. ಮೊಟ್ಟೆ ಇಡುತ್ತಿರುವ ಜೋಡಿಯ ನಡುವೆ ಬಂದ ಮೂರನೆಯದನ್ನು ಎರಡೂ ಸೇರಿ ಮುಗಿಸುತ್ತವೆ, ಹೆಚ್ಚಾಗಿ ಚೋಟುವೇ ಮುಂದೆ ನಿಂತು. ಬೇಡ ಅಂದೆ. ಅವಳಿಗೆ ಒಂದು ಕ್ಲೀನರ್ ಸೀಗಡಿ ತಂದುಕೊಟ್ಟರು. ಸೀಗಡಿ ರಾತ್ರಿ ಹೊತ್ತು ಮೊಟ್ಟೆಗೆ ಬಾಯಿ ಹಾಕುವುದುಂಟು, ಅದಕ್ಕೇ ಗುಂಡ ಅದನ್ನು ಕುಡಿಕೆಯ ಸುತ್ತಮುತ್ತ ಸುಳಿಯಲು ಬಿಡುವುದಿಲ್ಲ. ಉಳಿದ ಟ್ಯಾಂಕಿನಲ್ಲಿ ಎಲ್ಲಿ ಬೇಕಾದರೂ ಓಡಾಡಿಕೊಂಡಿದೆ.